ನಮ್ಮ ಕೈಗೂ ಕಡ್ಡಿ ಕೊಡಿ

ಹೊರದೇಶದ ಮಕ್ಕಳಿಗೆಂದು ಟೋಪಿ, ಸ್ವೆಟರು, ಹೊದಿಕೆ ಹೆಣೆಯುತ್ತಿರುವ ಕನ್ನಡದ ಅಕ್ಕಂದಿರಿಗೆ, ತಂಗಿಯರಿಗೆ, ತಾಯಂದಿರಿಗೆ,

ಪುಣಜನೂರಿನಿಂದ ಬರೆಯುತ್ತಿದ್ದೇನೆ.

ನೀವು ಒಂದೂರಿನವರಲ್ಲ. ಮೈಸೂರು, ಬೆಂಗಳೂರಿನ ಬಡಾವಣೆಗಳಲ್ಲಿ ಮಧ್ಯಾಹ್ನದ ಊಟ ಮುಗಿಸಿ ಯಾರದಾದರೂ ಮನೆಯಲ್ಲಿ ಸೇರಿ ಹೆಣೆಯುವವರಿದ್ದೀರಿ. ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೋ ಇಂಗ್ಲೆಂಡಿಗೋ ಹೋಗಿ, ಅಲ್ಲಿಯ ಲೈಬ್ರರಿಯಲ್ಲಿ ಸೇರುವ ಹೆಣಿಗೆ ಗುಂಪಿನಲ್ಲಿ ಕೂತು, ಭಾಷೆ ಅಷ್ಟಕ್ಕಷ್ಟೇ ಇದ್ದರೂ ಕೈಕೆಲಸದಲ್ಲೇ ಗೆಳೆತನ ಬೆಳೆಸಿಕೊಂಡು ಬಂದವರಿದ್ದೀರಿ. ಮೆಟ್ರೊದಲ್ಲಿ ಕೂರಲು ಜಾಗ ಸಿಕ್ಕ ಕೂಡಲೇ ಚೀಲದಿಂದ ಕ್ರೋಶಾ ಕಡ್ಡಿ ತೆಗೆಯುವ ಹುಡುಗಿಯರಿದ್ದೀರಿ. ನಿಮ್ಮ ಕೈಯಿಂದ ಹೊರಟದ್ದು ಆಫ್ರಿಕಾದ ಯಾವುದೋ ಹೆರಿಗೆ ಆಸ್ಪತ್ರೆಗೆ, ಯಾವುದೋ ನಿರಾಶ್ರಿತರ ಶಿಬಿರಕ್ಕೆ, ಮುಖ ಕಾಣದ ಒಂದು ಮಗುವಿನ ತಲೆಗೆ ಹೋಗಿ ಸೇರುತ್ತದೆ. ಅದರಿಂದ ನಿಮಗೆ ದುಡ್ಡಿಲ್ಲ, ಹೆಸರೂ ಇಲ್ಲ. ಈ ಕೆಲಸವನ್ನು ನಾನು ಬಹಳ ದೊಡ್ಡದೆಂದು ತಿಳಿದವಳು. ಅದಕ್ಕೇ ಈ ಪತ್ರ.

ನಾನು ಈ ಸೀಮೆಯ ಶಾಲೆಯಲ್ಲಿ ಟೀಚರಾಗಿದ್ದು ನಿವೃತ್ತಿಯಾದವಳು. ಪುಣಜನೂರು ಎಲ್ಲಿದೆ ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಚಾಮರಾಜನಗರದಿಂದ ಸತ್ಯಮಂಗಲದ ಕಡೆ ಹೊರಟರೆ ಹೊಲಗದ್ದೆ ಮುಗಿದು ಕಾಡು ಶುರುವಾಗುವಲ್ಲಿ ನಮ್ಮೂರು. ಮುಂದೆ ತಮಿಳುನಾಡಿನ ಗಡಿ, ಆಮೇಲೆ ಹಾಸನೂರು, ಅದರಾಚೆ 27 ತಿರುವುಗಳ ದಿಂಬಂ ಘಾಟಿ. 2022ರಲ್ಲಿ ಮದ್ರಾಸ್ ಹೈಕೋರ್ಟಿನ ಆದೇಶ ಬಂದು ಘಾಟಿಯ ಕಾಡುದಾರಿಯಲ್ಲಿ ರಾತ್ರಿ ಸಂಚಾರ ನಿಂತ ಮೇಲೆ, ಸಂಜೆಯಾಯಿತೆಂದರೆ ಲಾರಿಗಳು ಗಡಿಯ ಈಚೆಗೇ ಸಾಲುಗಟ್ಟುತ್ತವೆ. ಕಬ್ಬಿನ ಲಾರಿಯ ವಾಸನೆಗೆ ಆನೆ ರಸ್ತೆಗೆ ಬರುತ್ತದೆ. ಸುತ್ತ ಬಿಳಿಗಿರಿರಂಗನಬೆಟ್ಟದ ಹುಲಿ ಕಾಡು, ಕಾಡಿನೊಳಗೆ ಸೋಲಿಗರೆಂಬ ಬುಡಕಟ್ಟು ಜನರ ಪೋಡುಗಳು, ಅಂದರೆ ಸಣ್ಣ ಹಾಡಿಗಳು. ಬೇಸಿಗೆಯಲ್ಲಿ ಚಾಮರಾಜನಗರದವರಿಗೆ ನಮ್ಮ ಕಡೆ ತಂಪು ಎಂದು ಆಸೆ. ಮಾರ್ಗಶಿರ, ಪುಷ್ಯದಲ್ಲಿ ಒಂದು ರಾತ್ರಿ ಪೋಡಿನ ಗುಡಿಸಲಲ್ಲಿ ಮಲಗಿದರೆ ಆ ತಂಪಿನ ಇನ್ನೊಂದು ಮುಖ ಗೊತ್ತಾಗುತ್ತದೆ. ಬೆಳಗ್ಗೆ ಎಂಟಾದರೂ ಮಂಜು ಬಿಡುವುದಿಲ್ಲ. ಮಕ್ಕಳು ಕೈ ಕಂಕುಳಲ್ಲಿ ಇಟ್ಟುಕೊಂಡೇ ಶಾಲೆಗೆ ಬರುತ್ತವೆ.

ಇಷ್ಟು ಓದಿದವರು, ಇನ್ನು ಈಕೆ ‘ನಮ್ಮ ಮಕ್ಕಳೇ ಇಲ್ಲಿ ನಡುಗುತ್ತಿರುವಾಗ ಪರದೇಶದ ಮಕ್ಕಳಿಗೆ ಯಾಕಮ್ಮ ಹೆಣೆಯುತ್ತೀರಿ’ ಎಂದು ಕೇಳುತ್ತಾಳೆ ಅಂದುಕೊಂಡಿರಬಹುದು. ಆ ಮಾತು ನಿಮಗೆ ಮನೆಯಲ್ಲೂ ಕೇಳಿಬಂದಿರುತ್ತದೆ. ನಾನು ಹಾಗೆ ಕೇಳುವುದಿಲ್ಲ. ಕೇಳುವವರನ್ನು ಒಪ್ಪುವುದೂ ಇಲ್ಲ.

ನಮ್ಮ ಜಿಲ್ಲೆಯಲ್ಲೇ ಅದಕ್ಕೆ ಉತ್ತರವಿದೆ. ಹನೂರಿನ ಕಡೆಯ ಒಡೆಯರಪಾಳ್ಯಕ್ಕೆ ಹೋಗಿ ನೋಡಿ. 1974ರಲ್ಲಿ ಅಲ್ಲಿ ಟಿಬೆಟಿಯನ್ನರ ವಸಾಹತು ಆಯಿತು. ಬೈಲಕುಪ್ಪೆ, ಮುಂಡಗೋಡು, ಹುಣಸೂರಿನ ವಸಾಹತುಗಳು ಅದಕ್ಕಿಂತ ಮೊದಲಿನವು. 1959ರ ನಂತರ ಹಿಮಾಲಯ ದಾಟಿ ಬಂದ ಆ ಜನಕ್ಕೆ ನೆಲ ಕೊಟ್ಟದ್ದು ಕನ್ನಡನಾಡು. ಅವರ ಮಕ್ಕಳ ಶಾಲೆಗೆ, ಔಷಧಿಗೆ, ಊಟಕ್ಕೆ ಕೈಜೋಡಿಸಿದವರಲ್ಲಿ ಯುರೋಪು, ಅಮೆರಿಕದ ಜನರೂ ಇದ್ದರು. ಹಾಗೆ ಕೈಜೋಡಿಸಿದವರ ಪಾಲಿಗೆ ನಮ್ಮ ನಾಡೇ ಪರದೇಶ. ‘ನಮ್ಮೂರ ಮಕ್ಕಳು ಮೊದಲು’ ಎಂದು ಅವರೆಲ್ಲ ಕೂತಿದ್ದರೆ ಒಡೆಯರಪಾಳ್ಯದ ಒಂದು ತಲೆಮಾರಿನ ಮಕ್ಕಳ ಕಥೆ ಬೇರೆಯಾಗಿರುತ್ತಿತ್ತು. ಇವತ್ತು ಚಳಿಗಾಲ ಬಂತೆಂದರೆ ದೇಶದ ಊರೂರಿನ ರಸ್ತೆಬದಿಯಲ್ಲಿ ಸ್ವೆಟರು ಹರವಿಕೊಂಡು ಕೂರುವವರು ಆ ಟಿಬೆಟಿಯನ್ನರೇ. ಉಣ್ಣೆಗೆ ದೇಶದ ಗಡಿ ಗೊತ್ತಿಲ್ಲ, ಚಳಿಗೂ ಗೊತ್ತಿಲ್ಲ.

ಆದರೆ ಅದೇ ಜನರ ಕಥೆಯಲ್ಲಿ ಇನ್ನೊಂದು ಸಂಗತಿಯಿದೆ. ಮೊದಲಿಗೆ ಅವರನ್ನು ಇಳಿಸಿದ್ದು ಅಸ್ಸಾಮಿನ ಮಿಸ್ಸಾಮಾರಿ, ಬಂಗಾಳದ ಬಕ್ಸಾ ಶಿಬಿರಗಳಲ್ಲಿ. ಹಿಮದ ನಾಡಿನ ದಪ್ಪ ಬಟ್ಟೆ ತೊಟ್ಟು ಬಂದವರು ಬಯಲಿನ ಸೆಕೆಗೆ, ರೋಗಕ್ಕೆ ಸಿಕ್ಕಿ ನರಳಿದರು, ಸತ್ತವರೂ ಕಡಿಮೆಯಿಲ್ಲ. ಅಲ್ಲಿ ಬೇಕಾಗಿದ್ದದ್ದು ತೆಳು ಬಟ್ಟೆ, ಶುದ್ಧ ನೀರು, ನೆರಳು. ಬೆಚ್ಚಗಿನದು ಎಲ್ಲ ಕಡೆ ಒಳ್ಳೆಯದಲ್ಲ ಎಂಬುದನ್ನು ಹೆಣೆಯುವ ನಾವು ಮೊದಲು ತಿಳಿದಿರಬೇಕು. 2004ರ ಸುನಾಮಿಯಾದ ಮೇಲೆ ತಮಿಳುನಾಡಿನ ಕರಾವಳಿಗೆ ದೇಶದ ಎಲ್ಲ ದಿಕ್ಕಿನಿಂದ ಬಟ್ಟೆಯ ಮೂಟೆ ಬಂದವು. ಮೀನುಗಾರರ ಕುಟುಂಬಗಳಿಗೆ ಉಪಯೋಗಕ್ಕೆ ಬಾರದ್ದು ನಾಗಪಟ್ಟಣದ ಕಡೆ ರಸ್ತೆಬದಿಯಲ್ಲಿ ರಾಶಿ ಬಿತ್ತು. 1999ರಲ್ಲಿ ‘ಗೂಂಜ್’ ಸಂಸ್ಥೆ ಕಟ್ಟಿದ ಅನ್ಶು ಗುಪ್ತಾ ಅವರ ತಂಡ ಆ ರಾಶಿಯನ್ನು ಎತ್ತಿ, ವಿಂಗಡಿಸಿ, ಬೇರೆ ಉಪಯೋಗಕ್ಕೆ ತಿರುಗಿಸಬೇಕಾಯಿತು. ಕೊಟ್ಟವರ ಮನಸ್ಸು ಕೆಟ್ಟದ್ದಾಗಿರಲಿಲ್ಲ. ‘ನಿಮಗೆ ಏನು ಬೇಕು’ ಎಂದು ಯಾರೂ ಮೊದಲು ಕೇಳಿರಲಿಲ್ಲ, ಅಷ್ಟೆ.

ಕೇಳಿ ಹೆಣೆದವರೂ ಇದ್ದಾರೆ, ಅವರ ಹೆಸರನ್ನೂ ಹೇಳಬೇಕು. 2001ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ‘ಆಫ್ಘನ್ಸ್ ಫಾರ್ ಆಫ್ಘನ್ಸ್’ ಎಂಬ ಕೆಲಸ ಶುರುವಾಯಿತು. ಅಫ್ಘಾನಿಸ್ತಾನದ ಮಕ್ಕಳಿಗೆ ಸ್ವೆಟರು, ಟೋಪಿ, ಕಾಲುಚೀಲ, ಹೊದಿಕೆ ಹೆಣೆದು ಕಳಿಸುವುದು. ಅವರು ಇಟ್ಟ ಮುಖ್ಯ ಕಟ್ಟಳೆ: ಉಣ್ಣೆಯ ನೂಲೇ ಬೇಕು, ಅಕ್ರಿಲಿಕ್ ಬೇಡ. ಅಲ್ಲಿಯ ಚಳಿ ಅಂಥದ್ದು, ಜೊತೆಗೆ ಅಲ್ಲಿ ಬೆಂಕಿ ಒಲೆಯ ಸುತ್ತ ಬದುಕುವ ಮನೆಗಳು.

ಈ ಕಟ್ಟಳೆಯ ಅರ್ಥ ಪೋಡಿನಲ್ಲಿ ಕಣ್ಣಿಗೆ ಕಾಣುತ್ತದೆ. ಯಾರೋ ಪುಣ್ಯಾತ್ಮರು ಹಂಚಿದ ಗುಲಾಬಿ ಬಣ್ಣದ ಸ್ವೆಟರು ತೊಟ್ಟು ಬರುತ್ತಿದ್ದ ಒಬ್ಬಳು ಹುಡುಗಿ ನನ್ನ ತರಗತಿಯಲ್ಲಿದ್ದಳು. ನೋಡಲು ಚೆನ್ನಾಗಿತ್ತು. ಬಲ ತೋಳಿನ ತುದಿಯಲ್ಲಿ ಮಾತ್ರ ಸಣ್ಣ ಸಣ್ಣ ನಾಲ್ಕೈದು ತೂತು. ಇಲಿ ಕಡಿದಿದೆಯೇನೋ ಎಂದು ಮುಟ್ಟಿದರೆ ತೂತಿನ ಅಂಚು ಕಲ್ಲಿನ ಹಾಗೆ ಗಟ್ಟಿ. ಒಲೆಯ ಕಿಡಿ ಸಿಡಿದು ನೂಲು ಕರಗಿ, ಆರಿ, ಮಣಿಗಟ್ಟಿತ್ತು. “ಬೆಂಕಿ ತಾವು ಕೂತ್ಕಂಡಾಗ ತೆಗ್ದುಬಿಡ್ತೀನಿ ಕಣ್ ಮಿಸ್” ಅಂದಳು. ಚಳಿ ಹೆಚ್ಚಾದಾಗಲೇ ಬೆಂಕಿಯ ಹತ್ತಿರ ಕೂರುವುದು. ಆಗಲೇ ಅವಳು ಸ್ವೆಟರು ತೆಗೆದಿಡಬೇಕು. ಉಣ್ಣೆಯಾದರೆ ಕಿಡಿ ಬಿದ್ದ ಜಾಗ ಕರಕಲಾಗಿ ಆರುತ್ತದೆ. ಅಕ್ರಿಲಿಕ್ ಕರಗಿ ಚರ್ಮಕ್ಕೆ ಅಂಟುತ್ತದೆ.

ನಮ್ಮ ಅಂಗಡಿಗಳಲ್ಲಿ ‘ಉಲ್ಲನ್’ ಎಂದು ಕೊಡುವ ಉಂಡೆಗಳಲ್ಲಿ ಹೆಚ್ಚಿನವು ಅಕ್ರಿಲಿಕ್ಕೇ. ಲೂಧಿಯಾನದಿಂದ ಬರುವ ವರ್ಧಮಾನ್, ಓಸ್ವಾಲ್ ಇರಲಿ, ಇನ್ನೊಂದಿರಲಿ, ಚೀಟಿಯ ಮೇಲೆ ಏನು ಬರೆದಿದೆ ಓದಿ ಕೊಳ್ಳಬೇಕು. ಚೀಟಿ ಹರಿದುಹೋಗಿದ್ದರೆ ಒಂದು ತುಂಡು ನೂಲನ್ನು ಇಕ್ಕಳದಲ್ಲಿ ಹಿಡಿದು ಒಲೆಗೆ ತೋರಿಸಿ. ಕೂದಲು ಸುಟ್ಟ ವಾಸನೆ ಬಂದು, ಬೆರಳಲ್ಲಿ ತಿಕ್ಕಿದಾಗ ಬೂದಿಯಾದರೆ ಉಣ್ಣೆ. ಕರಗಿ ಕಪ್ಪು ಮಣಿಯಾದರೆ ಅಕ್ರಿಲಿಕ್. ಅಕ್ರಿಲಿಕ್ ಪೂರ್ತಿ ಕೆಟ್ಟದ್ದು ಅಂತಲ್ಲ. ಅಗ್ಗ, ಬೇಗ ಒಣಗುತ್ತದೆ, ನುಸಿ ಹಿಡಿಯುವುದಿಲ್ಲ, ಎಷ್ಟು ಸಲ ಒಗೆದರೂ ಕುಗ್ಗುವುದಿಲ್ಲ. ಒಲೆಯಿಲ್ಲದ ಮನೆಯ ದೊಡ್ಡ ಮಕ್ಕಳಿಗೆ ಅದೂ ಸಾಕು. ಉಣ್ಣೆಯನ್ನು ಬಿಸಿ ನೀರಲ್ಲಿ ಕುಕ್ಕಿ ಒಗೆದರೆ ಗಂಟುಗಟ್ಟಿ ಅರ್ಧಕ್ಕರ್ಧ ಆಗುತ್ತದೆ, ಆದ್ದರಿಂದ ಬಟ್ಟೆಯನ್ನೆಲ್ಲ ಕುದಿಸಿ ಒಗೆಯುವ ಆಸ್ಪತ್ರೆಗೆ ಉಣ್ಣೆಯ ಟೋಪಿ ಕಳಿಸಿ ಪ್ರಯೋಜನವಿಲ್ಲ. ಆದರೆ ನೆನೆದರೂ ಬೆಚ್ಚಗಿಡುವ ಗುಣ ಉಣ್ಣೆಗೇ ಇರುವುದು. ತನ್ನ ತೂಕದ ಮೂರನೇ ಒಂದು ಪಾಲಿನಷ್ಟು ತೇವ ಹೀರಿಕೊಂಡರೂ ಮೈಗೆ ಒದ್ದೆ ಅನ್ನಿಸುವುದಿಲ್ಲ. ನಮ್ಮ ಕುರುಬರ ಕಂಬಳಿಯನ್ನು ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡು ಜಡಿಮಳೆಯಲ್ಲಿ ನಾಟಿ ಹಾಕಿದ ಹಿರಿಯರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆ ಕಂಬಳಿ ಎಳೆಗೂಸಿನ ಮೈಗೆ ಚುಚ್ಚುತ್ತದೆ ಎಂಬುದೂ ಅವರಿಗೆ ಗೊತ್ತಿತ್ತು; ಕೂಸಿಗೆ ಹಳೆ ಸೀರೆಯ ಮೆತ್ತನೆ ತುಂಡು, ಅದರ ಮೇಲೆ ಕಂಬಳಿ.

ಈಗ ಕೂಸಿನ ತಲೆಯ ಮಾತಿಗೆ ಬರುತ್ತೇನೆ. ನಿಮ್ಮಲ್ಲಿ ಬಹಳ ಮಂದಿ ಹೆಣೆಯುವುದು ಕುಲಾವಿಯನ್ನೇ, ಅದರಲ್ಲೂ ತಿಂಗಳು ತುಂಬದೆ ಹುಟ್ಟಿದ ಮಕ್ಕಳಿಗೆ. ಇದಕ್ಕಿಂತ ಚಿಕ್ಕದೂ ಇದಕ್ಕಿಂತ ಬೆಲೆಯುಳ್ಳದೂ ಆದ ವಸ್ತುವನ್ನು ಒಂದು ಸಂಜೆಯಲ್ಲಿ ಕೈಯಿಂದ ಮಾಡಲು ಆಗುವುದಿಲ್ಲ. ಹುಟ್ಟಿದ ಕೂಸು ನೀರಿನಿಂದ ಹೊರಬಂದದ್ದು. ಒರೆಸದೆ, ಮುಚ್ಚದೆ ಬಿಟ್ಟರೆ ಮೊದಲ ಹತ್ತಿಪ್ಪತ್ತು ನಿಮಿಷದಲ್ಲೇ ಅದರ ಮೈಶಾಖ 2ರಿಂದ 4 ಡಿಗ್ರಿ ಸೆಲ್ಸಿಯಸ್ ಇಳಿಯಬಹುದು. ಇರಬೇಕಾದದ್ದು 36.5ರಿಂದ 37.5 ಡಿಗ್ರಿ. ಮೈಗೆ ಹೋಲಿಸಿದರೆ ಕೂಸಿನ ತಲೆ ದೊಡ್ಡದು, ಶಾಖ ಅಲ್ಲಿಂದಲೇ ಬಹಳ ಸೋರುತ್ತದೆ. ಎರಡೂವರೆ ಕಿಲೋಗಿಂತ ಕಡಿಮೆ ತೂಕದ ಕೂಸಿಗೆ ಚರ್ಮದಡಿ ಕೊಬ್ಬು ಕಡಿಮೆ, ಶಾಖ ಹುಟ್ಟಿಸುವ ಶಕ್ತಿಯೂ ಕಡಿಮೆ. ಮೈ ತಣ್ಣಗಾದ ಕೂಸು ಮೊಲೆ ಚೀಪುವುದನ್ನು ಬಿಡುತ್ತದೆ. ಚೀಪದಿದ್ದರೆ ಸಕ್ಕರೆಯಂಶ ಇಳಿಯುತ್ತದೆ, ಮೈ ಇನ್ನೂ ತಣ್ಣಗಾಗುತ್ತದೆ. ಹುಟ್ಟಿದ ದಿನವೇ ಸ್ನಾನ ಮಾಡಿಸಬೇಡಿ, ಒಂದು ದಿನವಾದರೂ ತಡೆಯಿರಿ ಎಂದು ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೇಳುವುದು ಇದಕ್ಕೇ.

1978ರ ಹೊತ್ತಿಗೆ ದಕ್ಷಿಣ ಅಮೆರಿಕದ ಕೊಲಂಬಿಯಾದ ಬೊಗೊಟಾ ನಗರದಲ್ಲಿ ಎಡ್ಗರ್ ರೇ ಎಂಬ ವೈದ್ಯರು, ಇನ್‌ಕ್ಯುಬೇಟರ್ ಸಾಲದೆ, ಕೂಸನ್ನು ತಾಯಿಯ ಎದೆಗೇ ಕಟ್ಟಿ ಬೆಚ್ಚಗಿಡುವ ಪದ್ಧತಿ ಶುರುಮಾಡಿದರು. ಅದೇ ಕಾಂಗರೂ ತಾಯಿ ಆರೈಕೆ. ಕೂಸಿನ ಮೈಮೇಲೆ ಇರುವುದು ಲಂಗೋಟಿ, ಕಾಲುಚೀಲ, ತಲೆಗೆ ಟೋಪಿ. ಉಳಿದದ್ದೆಲ್ಲ ತಾಯಿಯ ಚರ್ಮದ ಬಿಸಿ. ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ, ರಾಜ್ಯ ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ ಸೇರಿ ಇದನ್ನು ಇಡೀ ಜಿಲ್ಲೆಯ ಮಟ್ಟದಲ್ಲಿ ನಡೆಸಿ ತೋರಿಸಿದವು. 2021ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು ಭಾರತ, ಘಾನಾ, ಮಲಾವಿ, ನೈಜೀರಿಯಾ, ಟಾಂಜಾನಿಯಾದ ಆಸ್ಪತ್ರೆಗಳಲ್ಲಿ ನಡೆದಿತ್ತು. ಒಂದರಿಂದ 1.8 ಕಿಲೋ ತೂಕದ ಕೂಸುಗಳನ್ನು ಹುಟ್ಟಿದ ಕೂಡಲೇ ಎದೆಗೆ ಕಟ್ಟಿಕೊಂಡರೆ ಸಾವು ನಾಲ್ಕನೇ ಒಂದು ಭಾಗದಷ್ಟು ತಗ್ಗುತ್ತದೆ ಎಂದು ಅದು ಕಂಡುಕೊಂಡಿತು. ಆ ಐದು ದೇಶಗಳ ಹೆಸರನ್ನು ಇನ್ನೊಮ್ಮೆ ಓದಿ. ದೆಹಲಿಯ ಕೂಸು, ಮಲಾವಿಯ ಕೂಸು ಒಂದೇ ಪಟ್ಟಿಯಲ್ಲಿವೆ. ಇಬ್ಬರ ತಲೆಗೂ ಬೇಕಾದದ್ದು ಒಂದೇ ಅಳತೆಯ ಟೋಪಿ.

ಅಳತೆ ಎಂದೆ. ಇಲ್ಲಿ ನಿಮ್ಮಲ್ಲಿ ಒಂದು ಬೇಡಿಕೆ. ಕುಲಾವಿ ಮುದ್ದಾಗಿ ಕಾಣಲಿ ಎಂದು ಕಿವಿಯ ಬಳಿ ದಾರ ಇಳಿಬಿಡುತ್ತೀರಿ, ಮಣಿ ಕೂರಿಸುತ್ತೀರಿ, ಹೂವು ಹೊಲಿಯುತ್ತೀರಿ. ಬೇಡ. ದಾರ ಕುತ್ತಿಗೆಗೆ ಸುತ್ತಿಕೊಳ್ಳುತ್ತದೆ, ಮಣಿ ಬಾಯಿಗೆ ಹೋಗುತ್ತದೆ. ಕೈಗವಸು, ಕಾಲುಚೀಲದ ಒಳಗೆ ಬಿಟ್ಟ ಸಡಿಲ ಎಳೆ ಕೂಸಿನ ಬೆರಳಿಗೆ ಸುತ್ತಿ ರಕ್ತ ಓಡದಂತೆ ಬಿಗಿಯುವುದುಂಟು. ಕೂಸು ಯಾಕೆ ಅಳುತ್ತಿದೆ ಎಂದು ತಾಯಿಗೆ ತಿಳಿಯುವುದೂ ಇಲ್ಲ. ತಿಂಗಳು ತುಂಬಿದ ಕೂಸಿನ ತಲೆಯ ಸುತ್ತಳತೆ ಸುಮಾರು 34–35 ಸೆಂಟಿಮೀಟರ್. ತುಂಬದೆ ಹುಟ್ಟಿದ್ದಕ್ಕೆ 30, ಇನ್ನೂ ಕಡಿಮೆಯೂ ಇರುತ್ತದೆ. ತಲೆಯ ಅಳತೆಗಿಂತ ಎರಡು ಮೂರು ಸೆಂಟಿಮೀಟರ್ ಚಿಕ್ಕದಾಗಿ, ಒಂದು ಸೀದಾ ಒಂದು ಉಲ್ಟಾ ಹಾಕಿ ಪಟ್ಟಿ ಹೆಣೆದರೆ ಹಿಗ್ಗಿ ಹಿಡಿದು ಕೂರುತ್ತದೆ, ಕಣ್ಣಿನ ಮೇಲೆ ಜಾರುವುದಿಲ್ಲ. ಕಿವಿ ಮುಚ್ಚುವಷ್ಟು ಉದ್ದ ಇರಲಿ. ಕಡ್ಡಿ 10 ನಂಬರಿನದು, ನೂಲು ತೆಳುವಾದದ್ದು, ಮೆತ್ತನೆಯದು. ಬಣ್ಣವನ್ನು ಮಾತ್ರ ಅಲ್ಲಿಯವರನ್ನೇ ಕೇಳಿ. ಕೆಲವು ಕಡೆ ಬಿಳಿ ಹೆಣದ ಬಟ್ಟೆಯ ಬಣ್ಣ.

ಹೆಣೆಯುವ ಕೈಗಳು ಕೂಡಿದರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆಯಿದೆ. ಚೆನ್ನೈನ ಸುಬಶ್ರೀ ನಟರಾಜನ್ ಅವರು ಕಟ್ಟಿದ ‘ಮದರ್ ಇಂಡಿಯಾಸ್ ಕ್ರೋಶೆ ಕ್ವೀನ್ಸ್’ ಬಳಗ 2016ರ ಜನವರಿ 31ರಂದು ಜಗತ್ತಿನ ಅತಿ ದೊಡ್ಡ ಕ್ರೋಶಾ ಹೊದಿಕೆ ಹಾಸಿ ಗಿನ್ನೆಸ್ ದಾಖಲೆ ಮಾಡಿದ್ದು ನಿಮಗೆಲ್ಲ ತಿಳಿದಿದೆ, 11,148.5 ಚದರ ಮೀಟರ್. ನಿಮ್ಮಲ್ಲಿ ಕೆಲವರು ಅದಕ್ಕೆ ತುಂಡು ಹೆಣೆದು ಕಳಿಸಿಯೂ ಇರಬಹುದು. ದಾಖಲೆಗಿಂತ ನನಗೆ ಹಿಡಿಸಿದ್ದು, ಅದು ಬಿಡಿ ಹೊದಿಕೆಗಳನ್ನು ಜೋಡಿಸಿದ್ದಾಗಿತ್ತು, ಇಲ್ಲದವರಿಗೆ ಹೊದೆಯಲು ಕೊಡುವ ಉದ್ದೇಶದ್ದಾಗಿತ್ತು ಎಂಬುದು. ಮನೆಯಲ್ಲಿ ಒಬ್ಬೊಬ್ಬರೇ ಮಾಡುವ ಕೆಲಸ ಸಾವಿರಾರು ಮಂದಿಯದಾದರೆ ಎಷ್ಟಾಗುತ್ತದೆ ಎಂದು ಅವರು ನೆಲದ ಮೇಲೆ ಹರವಿ ತೋರಿಸಿದರು. 1962ರ ಚೀನಾ ಯುದ್ಧದ ಹೊತ್ತಿನಲ್ಲಿ ಹಿಮಾಲಯದ ಜವಾನರಿಗೆಂದು ದೇಶದ ಹೆಣ್ಣುಮಕ್ಕಳು ಸ್ವೆಟರು ಹೆಣೆದರಲ್ಲ, ಕಡ್ಡಿ ಹಿಡಿಯುವುದನ್ನೇ ಆಗ ಕಲಿತ ಅಜ್ಜಿಯರು ಇನ್ನೂ ನಿಮ್ಮ ಮನೆಗಳಲ್ಲಿ ಇರಬಹುದು. ಅವರ ಹತ್ತಿರ ಕೂತು ಕೇಳಿ. ಕೈಗೆ ಬಂದ ವಿದ್ಯೆ ಇನ್ನೂ ಮರೆತಿರುವುದಿಲ್ಲ.

ಇನ್ನು ನನ್ನ ಮುಖ್ಯ ಮಾತು.

ನಮ್ಮ ಕಡೆಗೆ ದಾನ ಬರುವುದಿಲ್ಲ ಎಂದಲ್ಲ. ಬರುತ್ತದೆ. ಚಳಿಗಾಲದಲ್ಲಿ ವ್ಯಾನಿನಲ್ಲಿ ಬಂದು, ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಕಂಬಳಿ ಕೊಟ್ಟು, ಫೋಟೊ ತೆಗೆದು, ಕತ್ತಲಾಗುವ ಮೊದಲು ಕಾಡು ದಾಟಿ ಹೋಗುವವರಿದ್ದಾರೆ. ಅವರಿಗೆ ಒಳ್ಳೆಯದಾಗಲಿ. ಆದರೆ ಸೋಲಿಗರ ಮಕ್ಕಳು ಹುಟ್ಟಿದಾಗಿನಿಂದ ಕೈ ಚಾಚಿ ತೆಗೆದುಕೊಳ್ಳುವುದನ್ನು ಮಾತ್ರ ಕಲಿಯುತ್ತಿವೆ. ನೀನೂ ಒಬ್ಬರಿಗೆ ಕೊಡಬಲ್ಲೆ ಎಂದು ಆ ಮಕ್ಕಳಿಗೆ ಯಾರೂ ಹೇಳುವುದಿಲ್ಲ. ಇದು ನನ್ನನ್ನು ಶಾಲೆಯಲ್ಲಿದ್ದಷ್ಟು ಕಾಲವೂ ಕಾಡಿದೆ, ಈಗಲೂ ಕಾಡುತ್ತಿದೆ.

ಈ ಜನ ಬರಿಗೈಯವರಲ್ಲ. 2011ರಲ್ಲಿ ಬಿಳಿಗಿರಿರಂಗನಬೆಟ್ಟ ಹುಲಿ ರಕ್ಷಿತಾರಣ್ಯವಾಯಿತು. ಅದೇ ವರ್ಷ ಇಲ್ಲಿಯ ಸೋಲಿಗರು ಕಾಡಿನ ಮೇಲಿನ ಸಮುದಾಯದ ಹಕ್ಕನ್ನು ಕಾನೂನಿನ ಪ್ರಕಾರವೇ ಪಡೆದರು. ಹುಲಿ ರಕ್ಷಿತಾರಣ್ಯದೊಳಗೆ ಅಂಥ ಹಕ್ಕು ಪಡೆದವರಲ್ಲಿ ದೇಶಕ್ಕೇ ಇವರು ಮೊದಲಿಗರು. ಕೈಕೆಲಸವಂತೂ ಹೇಳುವುದೇ ಬೇಡ. ಕಾಡನ್ನು ಮುಚ್ಚಿಬಿಟ್ಟ ಲಂಟಾನವನ್ನು ಕಡಿದು, ಬೇಯಿಸಿ, ಬಗ್ಗಿಸಿ ಮಲೆಮಹದೇಶ್ವರ ಬೆಟ್ಟದ ಸೋಲಿಗರು ಕುರ್ಚಿ, ಬುಟ್ಟಿ ಮಾಡುತ್ತಾರೆ. ನೀಲಗಿರಿಯ ಬೆಟ್ಟಕುರುಂಬ, ಪಣಿಯ, ಕಾಟುನಾಯಕರ ಜೊತೆ ಸೋಲಿಗರ ಕೈಯೂ ಸೇರಿ ಹುಟ್ಟಿದ ಲಂಟಾನದ ಆನೆಗಳು, ಒಂದೊಂದೂ ನಿಜವಾದ ಆನೆಯ ಗಾತ್ರದವು, 2021ರಲ್ಲಿ ಲಂಡನ್ನಿನ ಉದ್ಯಾನಗಳಲ್ಲಿ ನಿಂತಿದ್ದವು. 2024ರಲ್ಲಿ ನ್ಯೂಯಾರ್ಕಿನ ಬೀದಿಗೂ ಹೋದವು. ಲಂಟಾನದ ಮುಳ್ಳುಬರಲನ್ನು ಆನೆಯ ಸೊಂಡಿಲಾಗಿ ಬಳುಕಿಸಿದ ಕೈಗೆ ಎರಡು ಕಡ್ಡಿ, ಒಂದು ಉಂಡೆ ನೂಲು ಎಷ್ಟರ ಕೆಲಸ?

ಅದಕ್ಕೇ ಕೇಳುತ್ತಿದ್ದೇನೆ: ನಿಮ್ಮ ಪಟ್ಟಿಯಲ್ಲಿ ಪುಣಜನೂರನ್ನು ಪಡೆಯುವವರ ಕಡೆ ಬರೆಯಬೇಡಿ, ಹೆಣೆಯುವವರ ಕಡೆ ಬರೆದುಕೊಳ್ಳಿ. ನಮ್ಮ ಹೆಣ್ಣುಮಕ್ಕಳಿಗೆ, ಕಲಿಯಲು ಬಂದರೆ ಗಂಡುಮಕ್ಕಳಿಗೂ, ಕಡ್ಡಿ ಹಿಡಿಯುವುದನ್ನು ಕಲಿಸಿ. ಮೊದಲು ಹೆಣೆದದ್ದನ್ನು ತಮ್ಮ ತಮ್ಮನಿಗೆ, ತಂಗಿಗೆ, ಪಕ್ಕದ ಪೋಡಿನ ಬಾಣಂತಿಯ ಕೂಸಿಗೆ ತೊಡಿಸಲಿ. ಬಿಗಿಯಾಯಿತೇ, ಜಾರಿತೇ, ಚುಚ್ಚಿತೇ ಎಂಬುದು ಅಲ್ಲೇ ಗೊತ್ತಾಗುತ್ತದೆ. ಸ್ವೆಟರು ಹೆಣೆದು ಕೊಟ್ಟವಳ ಕಣ್ಣೆದುರೇ ಮಗು ಅದನ್ನು ಕಿತ್ತು ಎಸೆದರೆ, ಮುಂದಿನದನ್ನು ಹೇಗೆ ಹೆಣೆಯಬೇಕೆಂದು ಅವಳಿಗೆ ಪುಸ್ತಕ ನೋಡುವ ಅಗತ್ಯವಿರುವುದಿಲ್ಲ. ಕೈ ಕುದುರಿದ ಮೇಲೆ ಹೆಣೆದದ್ದು ನಿಮ್ಮ ಪೆಟ್ಟಿಗೆಯಲ್ಲಿ ಸೇರಿ ದೂರದ ದೇಶಕ್ಕೆ ಹೋಗಲಿ.

ಹಾಗೆ ಹೋಗುವುದಕ್ಕೆ ಇಲ್ಲಿಂದ ಒಂದು ನೇರವಾದ ದಾರಿಯೂ ಇದೆ. ನಮ್ಮ ಜಿಲ್ಲೆಯ ಸೋಲಿಗರು ಮತ್ತು ಇತರ ಬುಡಕಟ್ಟು ಜನರಲ್ಲಿ ಸಿಕಲ್ ಸೆಲ್ ರಕ್ತಹೀನತೆ ಇದೆ. ಡಾ. ಎಚ್. ಸುದರ್ಶನ್ ಅವರು 1981ರಲ್ಲಿ ಬಿಳಿಗಿರಿರಂಗನಬೆಟ್ಟದಲ್ಲಿ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದ ವೈದ್ಯರು ಇದನ್ನು ಬಹಳ ಹಿಂದೆಯೇ ಗುರುತಿಸಿ ಚಿಕಿತ್ಸೆ ಕೊಡುತ್ತ ಬಂದವರು. ದೇಶದ ಮಟ್ಟದಲ್ಲಿ ಇದರ ನಿರ್ಮೂಲನೆಯ ಅಭಿಯಾನ ಶುರುವಾದದ್ದು 2023ರ ಜುಲೈಯಲ್ಲಿ. ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗಿ ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಕೈಕಾಲು, ಕೀಲು, ಬೆನ್ನಲ್ಲಿ ತಡೆಯಲಾರದ ನೋವು. ಚಳಿ ಬಡಿದರೆ, ತಣ್ಣೀರಲ್ಲಿ ನೆನೆದರೆ ರಕ್ತನಾಳ ಕುಗ್ಗಿ ಆ ನೋವು ಕೆರಳುತ್ತದೆ. ಬೇರೆ ಮಕ್ಕಳಿಗೆ ಚಳಿ ಎಂದರೆ ನಡುಕ. ಈ ಮಕ್ಕಳಿಗೆ ಆಸ್ಪತ್ರೆ. ಇವರಿಗೆ ಸ್ವೆಟರು, ಕೈಗವಸು, ಕಾಲುಚೀಲ ಔಷಧಿಯ ಜೊತೆಗೇ ಇರಬೇಕಾದವು.

ಇದೇ ಕಾಯಿಲೆಯ ಮಕ್ಕಳು ಜಗತ್ತಿನಲ್ಲೇ ಅತಿ ಹೆಚ್ಚು ಹುಟ್ಟುವುದು ನೈಜೀರಿಯಾದಲ್ಲಿ. ಅಲ್ಲಿ ಉತ್ತರದ ಕಡೆ ಡಿಸೆಂಬರ್, ಜನವರಿಯಲ್ಲಿ ಸಹಾರಾದಿಂದ ಹರ್ಮಟಾನ್ ಎಂಬ ಒಣಗಾಳಿ ಬೀಸುತ್ತದೆ, ರಾತ್ರಿ ಚಳಿ ಇಳಿಯುತ್ತದೆ. ಆಫ್ರಿಕಾ ಎಂದರೆ ಬರೀ ಬಿಸಿಲು, ಅಲ್ಲಿಗೆ ಯಾಕೆ ಸ್ವೆಟರು ಎಂದು ನಿಮ್ಮನ್ನು ಕೇಳುವವರಿಗೆ ಇದನ್ನು ಹೇಳಿ. ಪುಣಜನೂರಿನ ಪೋಡಿನಲ್ಲಿ ಪುಷ್ಯದ ರಾತ್ರಿ ಕಾಲು ಹಿಡಿದುಕೊಂಡು ಅಳುವ ಮಗುವಿಗೂ ನೈಜೀರಿಯಾದ ಹಳ್ಳಿಯಲ್ಲಿ ಅದೇ ತಿಂಗಳು ಅಳುವ ಮಗುವಿಗೂ ನೋವು ಒಂದೇ, ಕಾರಣ ಒಂದೇ, ಬೇಕಾದ ಕಾಲುಚೀಲವೂ ಒಂದೇ. ತನ್ನ ಮಗನಿಗೆ ಯಾವ ಹೊತ್ತಲ್ಲಿ ನೋವು ಬರುತ್ತದೆ, ಎಲ್ಲಿ ಬೆಚ್ಚಗಿಟ್ಟರೆ ನಿದ್ದೆ ಹತ್ತುತ್ತದೆ ಎಂದು ಬಲ್ಲ ನಮ್ಮ ತಾಯಿಗಿಂತ ಚೆನ್ನಾಗಿ ಆ ಕಾಲುಚೀಲವನ್ನು ಯಾರು ಹೆಣೆಯುತ್ತಾರೆ? ಮೊಣಕಾಲಿನವರೆಗೂ ಬರಬೇಕು, ಆದರೆ ಮೇಲಿನ ಪಟ್ಟಿ ಬಿಗಿಯಬಾರದು. ಬಿಗಿದರೆ ರಕ್ತದೋಟಕ್ಕೆ ಅಡ್ಡಿ. ಇಷ್ಟನ್ನು ನಾನು ಹೇಳುವ ಮೊದಲೇ ಆಕೆ ಹೇಳುತ್ತಾಳೆ.

ಹಣದ ಮಾತನ್ನೂ ಆಡಿಬಿಡುತ್ತೇನೆ. ಹೊರದೇಶಕ್ಕೆ ಬಿಡಿ ಪೆಟ್ಟಿಗೆ ಕಳಿಸಿದರೆ ಅಂಚೆಯ ಖರ್ಚು ನೂಲಿನ ಖರ್ಚನ್ನು ಮೀರುತ್ತದೆ, ಸುಂಕದ ಕಟ್ಟೆಯಲ್ಲಿ ಕೊಳೆತರೂ ಕೊಳೆತೀತು. ಅಲ್ಲಿ ತೆಗೆದುಕೊಳ್ಳುವ ಆಸ್ಪತ್ರೆಗೋ ಸಂಸ್ಥೆಗೋ ಮೊದಲೇ ಬರೆದು, ಬೇಕಾದ ಅಳತೆ, ನೂಲು, ಸಂಖ್ಯೆ ತಿಳಿದು, ಎಲ್ಲರದನ್ನೂ ಕೂಡಿಸಿ ಒಟ್ಟಿಗೆ ಕಳಿಸುವ ಬಳಗಗಳ ಜೊತೆಗೇ ನಾವು ಸೇರುತ್ತೇವೆ. ಅಮೆರಿಕಕ್ಕೆ ಹೋಗಿಬರುವ ಅಜ್ಜಿಯರ ಸೂಟ್‌ಕೇಸಿನಲ್ಲಿ ಚಟ್ನಿಪುಡಿ, ಹಪ್ಪಳದ ಪಕ್ಕ ಒಂದು ಹಿಡಿ ಕುಲಾವಿಗೆ ಜಾಗ ಸಿಕ್ಕರೆ ಅದೂ ಆದೀತು. ಅಲ್ಲಿಯ ಹೆಣಿಗೆ ಗುಂಪುಗಳು ಆಸ್ಪತ್ರೆಗಳಿಗೆ ತಲುಪಿಸುತ್ತವೆ. ಬೇಡಿಕೆ ಇಲ್ಲದ ಕಡೆಗೆ ಒಂದು ಟೋಪಿಯೂ ಹೋಗಬಾರದು. ಈ ಮಾತಲ್ಲಿ ನಾನು ಸಡಿಲ ಬಿಡುವವಳಲ್ಲ.

ಬರುವುದಾದರೆ ಮಳೆ ಕಳೆದ ಮೇಲೆ, ದಸರೆ ಮುಗಿಸಿಕೊಂಡು ಬನ್ನಿ. ಆಗ ಶುರುಮಾಡಿದರೆ ಧನುರ್ಮಾಸದ ಚಳಿಗೆ ಮೊದಲ ಸ್ವೆಟರುಗಳು ಸಿದ್ಧವಾಗುತ್ತವೆ. ಚಾಮರಾಜನಗರದಿಂದ ಸತ್ಯಮಂಗಲದ ಬಸ್ಸು ಹತ್ತಿದರೆ ಚೆಕ್‌ಪೋಸ್ಟಿನ ಹತ್ತಿರ ಇಳಿಯಬಹುದು. ಬೆಳಗ್ಗೆಯೇ ಬನ್ನಿ, ಕಾಡುದಾರಿ, ಹೊತ್ತು ಮುಳುಗುವ ಮೊದಲು ಹೊರಡಬೇಕಾಗುತ್ತದೆ. ಉಳಿಯುವುದಾದರೆ ನನ್ನ ಮನೆಯಿದೆ. ರಾಗಿಮುದ್ದೆ, ಅವರೆಕಾಳಿನ ಸಾರು ಒಗ್ಗಬೇಕು ಅಷ್ಟೆ. ಬರುವಾಗ ಹಳೆ ಬಟ್ಟೆ ತರಬೇಡಿ. 10 ನಂಬರಿನ, 8 ನಂಬರಿನ ಕಡ್ಡಿ ತನ್ನಿ, ದಪ್ಪ ಕಣ್ಣಿನ ಸೂಜಿ, ಅಳತೆಯ ಟೇಪು, ನಿಮ್ಮಲ್ಲಿ ಮಿಕ್ಕಿರುವ ಉಣ್ಣೆಯ ತುಂಡು ಉಂಡೆಗಳು ಯಾವ ಬಣ್ಣದವಾದರೂ ಸರಿ. ಕಲಿಯುವ ಕೈಗೆ ಬಣ್ಣದ ಹಂಗಿಲ್ಲ. ನಿಮ್ಮೊಳಗೆ ಎಡಗೈಯಲ್ಲಿ ಹೆಣೆಯುವವರು ಯಾರಾದರೂ ಇದ್ದರೆ ಅವರನ್ನು ತಪ್ಪದೆ ಕರೆತನ್ನಿ. ಕಲಿಯಲು ಹೆಸರು ಕೊಟ್ಟ ಹುಡುಗಿಯರಲ್ಲಿ ಇಬ್ಬರು ಎಡಚರು, ಅವರಿಗೆ ಹೇಳಿಕೊಡುವುದು ನನ್ನಿಂದ ಆಗುತ್ತಿಲ್ಲ.

ಇಂತಿ,
ಪುಣಜನೂರಿನ ನಿಮ್ಮ ಅಕ್ಕ